ಎಂಟೂಕಾಲು ಗಜ

ಸೋಮವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಟೇಬರ್ ಕ್ರೀಕ್ ಹೈಸ್ಕೂಲಿನ ಚಾಲನೆ ಕಲಿಸುವ ಹಳದಿ ಕಾರು ಗಂಟೆಗೆ ಹದಿನೈದು ಮೈಲಿ ವೇಗದಲ್ಲಿ ಜೋಳದ ಉಗ್ರಾಣವನ್ನು ಮೂರನೆಯ ಸಲ ಸುತ್ತುತ್ತಿದ್ದಾಗ, ಗ್ಲೆಂಡನ್ ವಾವ್ರಾ ಮನಸ್ಸಿನಲ್ಲೇ ಮುನ್ನೂರ ಎಪ್ಪತ್ತೈದನ್ನು ನಲವತ್ತೈದರಿಂದ ಭಾಗಿಸಿದ. ಬಂದ ಉತ್ತರ ಹಿಡಿಸಲಿಲ್ಲ. ಇನ್ನೊಮ್ಮೆ ಭಾಗಿಸಿದ. ಅದೇ ಬಂತು. ಆ ಗಾಬರಿಯಲ್ಲಿ ಅವನ ಬಲಗಾಲು ಮೇಷ್ಟರ ಪಾಲಿನ ಬ್ರೇಕನ್ನು ಗಟ್ಟಿಯಾಗಿ ತುಳಿಯಿತು. ಕಾರು ಮುಗ್ಗರಿಸಿ ನಿಂತಿತು.

"ಕೋಚ್, ಬ್ರೇಕು ನೀವೇ ಒತ್ತಿದ್ರಾ?" ಎಂದ ಚಾಲಕನ ಸೀಟಿನಲ್ಲಿದ್ದ ಟ್ರೆಂಟ್ ಮಾಟೌಶ್.

"ಕೋಳಿ ಅಡ್ಡ ಬಂತು."

"ಎಲ್ಲಿ?"

"ಹೋಯ್ತು. ನಡಿ ಮುಂದಕ್ಕೆ."

ಮಾಟೌಶ್ ಹೋಗಿಬಿಟ್ಟ ಕೋಳಿಗಾಗಿ ಎರಡೂ ಕಡೆ ನೋಡಿ, ಕನ್ನಡಿ ನೋಡಿ, ಕೈ ತೋರಿಸಿ, ಖಾಲಿ ರಸ್ತೆಯಲ್ಲಿ ಮತ್ತೆ ಹೊರಟ. ಹೇಳಿದ್ದನ್ನೆಲ್ಲ ನಂಬಿ ಹಾಗೆಯೇ ಮಾಡುವ ಹುಡುಗ. ಅವನ ಭುಜಗಳು ಎಷ್ಟು ಅಗಲವೆಂದರೆ ಒಂದು ಭುಜ ವಾವ್ರಾನ ಸೀಟಿನ ಗಡಿ ದಾಟಿ ಬಂದಿತ್ತು. ಇದೆಲ್ಲ ಶುರುವಾದದ್ದು ಮೊದಲ ಸುತ್ತಿನಲ್ಲಿ, ವಾವ್ರಾ ಸುಮ್ಮನಿರಲಾರದೆ, ಹೊಗಳಿಕೆಯ ಆಸೆಯಿಂದಲೇ ಕೇಳಿದ ಒಂದು ಪ್ರಶ್ನೆಯಿಂದ. ಹಿಂದಿನ ಸಾಲಿನಲ್ಲಿ ಆಡೋದು ಹೇಗನ್ಸತ್ತೆ ಎಂದು ಕೇಳಿದ್ದ. ಹುಡುಗ ಸ್ವಲ್ಪ ಯೋಚಿಸಿ, "ಚಳಿಯಾಗತ್ತೆ, ಕೋಚ್," ಎಂದಿದ್ದ. ಓಡಾಡು ಅಂದರೆ, "ಓಡಾಡಕ್ಕೆ ಏನಾದ್ರೂ ಬರ್ಬೇಕಲ್ಲ. ಅವ್ರು ಎಸೆಯೋದೇ ಇಲ್ಲ. ಯಾಕ್ ಎಸೀತಾರೆ? ಮುಂದ್ಗಡೆ ಬಾಗ್ಲು ತೆಗ್ದೇ ಇದ್ಯಲ್ಲ," ಎಂದ. ಅದರಲ್ಲಿ ದೂರಿರಲಿಲ್ಲ, ವ್ಯಂಗ್ಯವಿರಲಿಲ್ಲ. ಊರಿನ ಯಾವ ದೊಡ್ಡವನೂ ಐದು ವಾರಗಳಿಂದ ಬಾಯಿಬಿಡದ ಮಾತನ್ನು ಅವನು ಇಂಡಿಕೇಟರ್ ಹಾಕುತ್ತಾ ಹೇಳಿ ಮುಗಿಸಿದ್ದ.

ಅಮೆರಿಕದ ಫುಟ್‌ಬಾಲಿನಲ್ಲಿ ಎದುರಾಳಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗಿದರೆ ತಡೆಯುವುದು ಮುಂದಿನ ಸಾಲಿನ ಕೆಲಸ, ಅಂದರೆ ಆ ಸಾಲಿನ ಕೋಚ್ ಆರ್ವಿಲ್ ಶ್ಟಾಸ್ನಿಯ ಹೊಣೆ. ತಲೆಯ ಮೇಲಿಂದ ಎಸೆದರೆ ತಡೆಯುವುದು ಹಿಂದಿನ ಸಾಲಿನ ಕೆಲಸ, ಅಂದರೆ ವಾವ್ರಾನ ಹಣೆಬರಹ. ಸೆಪ್ಟೆಂಬರಿನ ಮೊದಲ ಮೂರು ಪಂದ್ಯಗಳಲ್ಲಿ ಎದುರಾಳಿಗಳು ಅವನ ಹುಡುಗರ ತಲೆಯ ಮೇಲಿಂದ ಮುನ್ನೂರ ಹನ್ನೆರಡು, ಇನ್ನೂರ ಎಂಬತ್ತೇಳು, ಮುನ್ನೂರ ನಲವತ್ತೊಂದು ಗಜ ಎಸೆದಿದ್ದರು. ಊರಿನವರು ಪಂದ್ಯದ ರೀಲು ನೋಡುವ ಸೋಮವಾರದ ಊಟಕ್ಕೆ ಮೂರನೆಯ ಸಲ ಹೋದಾಗ ಅವನ ಕುರ್ಚಿಯ ಮೇಲೆ ಯಾರೋ, ಮೇಲಿಂದ ಸುರಿಯುವ ಚೆಂಡುಗಳಿಗೆಂದು, ಬಿಚ್ಚಿದ ಕೊಡೆಯೊಂದನ್ನು ಇಟ್ಟಿದ್ದರು. ಎಲ್ಲರೂ ನಕ್ಕರು, ಅವನೂ ನಕ್ಕ. ಮನೆಗೆ ಬಂದು ಗ್ಯಾರೇಜಿನಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ನಿಂತಿದ್ದ. ಆಮೇಲಿನ ಐದು ಪಂದ್ಯಗಳಲ್ಲಿ ತೊಂಬತ್ತೆಂಟು, ಎಂಬತ್ತನಾಲ್ಕು, ಎಪ್ಪತ್ತನಾಲ್ಕು, ಅರವತ್ತೊಂದು, ಐವತ್ತೆಂಟು. ಸುಧಾರಣೆ ಅಂದರೆ ಇದಲ್ಲದೆ ಇನ್ನೇನು? ಈ ಅಂಕಿಗಳನ್ನು ಅವನು ಹಲ್ಲುಜ್ಜುವಾಗ ಹೇಳಿಕೊಳ್ಳುತ್ತಿದ್ದ, ಇಗರ್ಜಿಯಲ್ಲಿ ತಲೆ ಬಾಗಿಸಿದಾಗಲೂ ಹೇಳಿಕೊಳ್ಳುತ್ತಿದ್ದ. ಎಷ್ಟು ಸಲ ಎಸೆದರು ಎಂಬುದನ್ನು ಮಾತ್ರ ಲೆಕ್ಕಕ್ಕೆ ತಂದಿರಲಿಲ್ಲ. ತರಬಾರದೆಂದು ಎಲ್ಲೋ ಒಳಗೆ ಗೊತ್ತಿದ್ದರಿಂದಲೇ ತಂದಿರಲಿಲ್ಲ. ಮೊದಲ ಮೂರು ಪಂದ್ಯಗಳಲ್ಲಿ ನೂರ ಹದಿನಾಲ್ಕು ಎಸೆತ, ಒಂದೊಂದಕ್ಕೆ ಎಂಟೂಕಾಲು ಗಜಕ್ಕಿಂತ ಕೂದಲೆಳೆ ಕಡಿಮೆ. ಆಮೇಲಿನ ಐದರಲ್ಲಿ ನಲವತ್ತೈದೇ ಎಸೆತ, ಒಂದೊಂದಕ್ಕೆ ಎಂಟೂಕಾಲಕ್ಕಿಂತ ಕೂದಲೆಳೆ ಹೆಚ್ಚು. ಅಂದರೆ ಅವನ ಹುಡುಗರು ಆಗ ಎಷ್ಟು ಕೆಟ್ಟದಾಗಿ ಆಡುತ್ತಿದ್ದರೋ ಈಗಲೂ ಅಷ್ಟೇ ಕೆಟ್ಟದಾಗಿ ಆಡುತ್ತಿದ್ದರು. ಇನ್ನೂ ಒಂದು ಕೂದಲೆಳೆ ಹೆಚ್ಚೇ ಕೆಟ್ಟದಾಗಿ.

"ಕೋಚ್, ಇನ್ನೊಂದು ಸುತ್ತಾ?"

"ಸಾಕು. ಶಾಲೆಗೆ ಹೋಗೋಣ."

ಇಷ್ಟೇ ಆಗಿದ್ದರೆ ಯಾರಿಗೂ ಹೇಳದೆ ನುಂಗಿಕೊಳ್ಳಬಹುದಿತ್ತು. ವಾವ್ರಾ ಅದಕ್ಕಿಂತ ದೊಡ್ಡದನ್ನು ನುಂಗಿಕೊಂಡಿದ್ದವನು. ಆದರೆ ನಿನ್ನೆ, ಭಾನುವಾರ ಮಧ್ಯಾಹ್ನ, ಮುಖ್ಯ ಕೋಚ್ ಪ್ರಿಬಿಲ್ ಫೋನು ಮಾಡಿದ್ದ. "ನಾಳೆ ಊಟಕ್ಕೆ ಬರೋವಾಗ ಒಂದು ಚಾರ್ಟ್ ಮಾಡ್ಕೊಂಡು ಬಾ, ಗ್ಲೆನ್. ನಿನ್ ಅಂಕಿ ಎಲ್ಲ ಜನಕ್ಕೆ ತೋರ್ಸು. ಆರ್ವಿಲ್‌ಗೆ ಮುಂದಿನ ವರ್ಷ ವಿಶ್ರಾಂತಿ ಕೊಡೋಣ ಅಂತಿದೀನಿ. ಮೂವತ್ತೊಂದು ವರ್ಷ ಆಯ್ತು ಪಾಪ. ಮುಂದಿನ ಸಾಲು, ಹಿಂದಿನ ಸಾಲು ಎರಡೂ ನಿನ್ ಕೈಗೇ. ಆದ್ರೆ ಊರು ಯಾಕೆ ಅಂತ ಕೇಳ್ಬಾರ್ದು ನೋಡು, ಕೇಳೋಕ್ ಮುಂಚೆನೇ ಗೊತ್ತಾಗಿರ್ಬೇಕು." ವಾವ್ರಾ ಹೂಂ ಎಂದಿದ್ದ. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕೋ ಹೂಂ ಎನ್ನಲೂ ಅಷ್ಟೇ ಹೊತ್ತು ಸಾಕಾಗುತ್ತದೆ ಎಂಬುದು ಫೋನಿಟ್ಟ ಮೇಲೆ ಹೊಳೆದಿತ್ತು. ಹೆಂಡತಿ ಲೋರ್ನಾ, "ಏನಂತೆ?" ಎಂದರೆ, "ಚಾರ್ಟ್ ಬೇಕಂತೆ," ಎಂದಷ್ಟೇ ಹೇಳಿದ. ಅವಳು ಇಗರ್ಜಿ ಮಕ್ಕಳ ಬಣ್ಣದ ಪೆನ್ನುಗಳನ್ನು ತಂದು ದೊಡ್ಡ ಹಾಳೆಯಲ್ಲಿ ಎಂಟು ಮೆಟ್ಟಿಲು ಬರೆದಳು. ಕೊನೆಯ ಮೆಟ್ಟಿಲಿನ ಕೆಳಗೆ ಜಾಗ ಉಳಿಯಿತೆಂದು ಒಂದು ಬಾತುಕೋಳಿಯನ್ನೂ ಬರೆದಳು.

ಮಾಟೌಶ್ ಮೂಲತಃ ಆರ್ವಿಲ್‌ನ ಸಾಲಿನ ಹುಡುಗ. ಅದೇ ಎಲ್ಲದರ ಬುಡ. ಕೊಡೆಯ ಪ್ರಸಂಗವಾದ ಎರಡು ದಿನಕ್ಕೆ, ಬುಧವಾರ ಸಂಜೆ, ವಾವ್ರಾ ಆರ್ವಿಲ್‌ನ ಮರಗೆಲಸದ ಕೊಟ್ಟಿಗೆಗೆ ಹೋಗಿದ್ದ. ಮುದುಕ ಕುರ್ಚಿಯ ಕಾಲಿಗೆ ಉಜ್ಜುಕಾಗದ ಹಾಕುತ್ತಿದ್ದ. ವಾವ್ರಾ ಹವಾಮಾನದ ಮಾತೆತ್ತಿದ, ಜೋಳದ ಕೊಯ್ಲಿನ ಮಾತೆತ್ತಿದ, ಕೊನೆಗೆ ಮುಂದಿನ ಸಾಲಿನ ಏಳು ಜನರಲ್ಲಿ ಒಬ್ಬನನ್ನು, ಅಂದರೆ ಎಲ್ಲರಿಗಿಂತ ಒಳ್ಳೆಯವನನ್ನು, ಹಿಂದಕ್ಕೆ ಕೊಡುತ್ತೀರಾ ಎಂದು ಕೇಳಿದ. "ಅದನ್ ಕೇಳಕ್ಕೆ ಇಷ್ಟು ಸುತ್ತಾಡ್ದ್ಯಾ? ತಗೊಂಡ್ ಹೋಗು ಮಾರಾಯ," ಎಂದಿದ್ದ ಆರ್ವಿಲ್, ನೆರೆಮನೆಯವನಿಗೆ ಏಣಿ ಕೊಟ್ಟ ಹಾಗೆ. ಇದೇ ಆರ್ವಿಲ್ ಇಪ್ಪತ್ತೆರಡು ವರ್ಷಗಳ ಹಿಂದೆ ಹದಿನಾರರ ವಾವ್ರಾನ ಕತ್ತು ಹಿಡಿದು ನೋಡಿ, "ಈ ಕುತ್ತಿಗೆ ಮುಂದಿನ ಸಾಲಿಗಲ್ಲ, ಮುರ್ದ್ ಹೋಗತ್ತೆ, ಹಿಂದೆ ನಿಲ್ಸಿ," ಎಂದು ಅಂದಿನ ಕೋಚಿಗೆ ಹೇಳಿದ್ದ. ಆ ಕುತ್ತಿಗೆ ಇಂದಿಗೂ ಮುರಿಯದೆ ಇದೆ. ಈಗ ಅದಕ್ಕೆ ಲೋರ್ನಾ ಭಾನುವಾರದ ನೀಲಿ ಟೈ ಕಟ್ಟಿ ಕಳಿಸಿದ್ದಳು.

ಹಳೆಯ ಯೋಧರ ಸಂಘದ ಸಭಾಂಗಣಕ್ಕೆ ವಾವ್ರಾ ಎಲ್ಲರಿಗಿಂತ ಮೊದಲು ಬಂದ. ಕಾಫಿಯ ವಾಸನೆ, ಎಲೆಕೋಸು ತುಂಬಿದ ಬಿಸಿ ಬನ್ನಿನ ವಾಸನೆ, ಗೋಡೆಗೆ ಕಟ್ಟಿದ ಬಿಳಿ ಬಟ್ಟೆ. ಶುಕ್ರವಾರದ ಪಂದ್ಯದ ರೀಲನ್ನು ಊರಿನವರು ಸೋಮವಾರ ಊಟ ಮಾಡುತ್ತಾ ನೋಡುವುದು, ಬೇಕಾದಾಗ "ಹಿಂದಕ್ ಹಾಕು" ಎಂದು ಕೂಗಿ ಅದೇ ತಪ್ಪನ್ನು ನಾಲ್ಕು ಸಲ ನೋಡುವುದು, ಕೋಚುಗಳು ಎದ್ದು ನಿಂತು ಉತ್ತರ ಕೊಡುವುದು. ಆರ್ವಿಲ್‌ನ ಕುರ್ಚಿಯ ಮೇಲೆ ಆಗಲೇ ಒಂದು ಕಾಲೊರಸು ಇತ್ತು. ಹೊಸದು, ಕಂದು ಬಣ್ಣದ್ದು, ಮೇಲೆ ದಪ್ಪ ಅಕ್ಷರದಲ್ಲಿ ಸುಸ್ವಾಗತ ಎಂದು ಬರೆದದ್ದು. ತೆಗೆದುಬಿಡಬೇಕು ಎಂದುಕೊಂಡ ವಾವ್ರಾ. ಮೂರು ಹೆಜ್ಜೆ ಹೋಗಿ ಅದರ ಮೂಲೆ ಹಿಡಿದದ್ದೂ ಆಯಿತು. ಅಷ್ಟರಲ್ಲಿ ಬಾಗಿಲು ತೆಗೆದು ಕ್ಷೌರದಂಗಡಿಯ ಎಮಿಲ್ ಹ್ರುಸ್ಕಾ ಒಳಗೆ ಬಂದ. "ಓಹೋ, ನೀನಾ? ನಾನ್ ಬೆಳಿಗ್ಗೆನೇ ಇಟ್ಟು ಹೋಗಿದ್ನ ಸರಿಮಾಡ್ತಿದ್ಯಾ? ಚೆನ್ನಾಗಿದೆ ಅಲ್ವಾ?" ಎಂದ. ಕತ್ತರಿ ಹಿಡಿದು ಊರಿನ ಎಲ್ಲ ಕಿವಿಗಳಿಗೂ ಹತ್ತಿರ ನಿಲ್ಲುವ ಮನುಷ್ಯ ಅವನು. ವಾವ್ರಾ ಕಾಲೊರಸಿನ ಮೂಲೆಯನ್ನು ಬಿಟ್ಟ. ಬಿಡುವಾಗ ಅದನ್ನು ಸ್ವಲ್ಪ ನೇರ ಮಾಡಿಯೂ ಬಿಟ್ಟ. ಯಾಕೆ ಹಾಗೆ ಮಾಡಿದೆನೆಂದು ಅವನಿಗೇ ತಿಳಿಯಲಿಲ್ಲ.

ಆರ್ವಿಲ್ ಬಂದ, ನೋಡಿದ, ಓದಿದ. "ಅಬ್ಬ, ನನ್ ಕಾಲು ಬೆಳಿಗ್ಗೆಯಿಂದ ತಣ್ಣಗಿತ್ತು ಕಣ್ರಯ್ಯ," ಎಂದು ಅದನ್ನು ನೆಲಕ್ಕೆ ಹಾಸಿ, ಮೇಲೆ ಬೂಟುಗಳನ್ನಿಟ್ಟು ಕೂತ. ಎಲ್ಲರೂ ನಕ್ಕರು, ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಕಿವಿಗಳು ಮಾತ್ರ ಕೆಂಪಾಗಿದ್ದವು. ಪಕ್ಕದಲ್ಲೇ ಕೂತಿದ್ದ ವಾವ್ರಾನಿಗೆ ಅದು ಕಂಡಿತು. ತನ್ನ ಕಿವಿಯೂ ಬಿಸಿಯಾದದ್ದು ಗೊತ್ತಾಯಿತು.

ರೀಲು ಶುರುವಾಯಿತು. ಗೋಡೆಯ ಮೇಲೆ ಎದುರಾಳಿ ಹುಡುಗನೊಬ್ಬ ಚೆಂಡು ಹಿಡಿದು ಮುಂದಿನ ಸಾಲಿನ ಒಂದು ತೂತಿನಿಂದ ನುಗ್ಗಿದ. ಎಮಿಲ್ ಹಿಂದಕ್ ಹಾಕು ಎಂದ. ಹುಡುಗ ಹಿಮ್ಮುಖವಾಗಿ ಓಡಿ ತೂತಿನಿಂದ ವಾಪಸು ಹೋದ, ಮತ್ತೆ ನುಗ್ಗಿದ. ಆ ತೂತು ಸರಿಯಾಗಿ ಮಾಟೌಶನ ಭುಜದಷ್ಟು ಅಗಲವಿತ್ತು. ಒಬ್ಬ ದರ್ಜಿ ಅಳತೆ ತೆಗೆದ ಹಾಗೆ. ಇದು ಬೇರೆ ಯಾರಿಗೂ ಕಾಣದಿರಲು ಹೇಗೆ ಸಾಧ್ಯ ಎಂದು ವಾವ್ರಾ ಸುತ್ತ ನೋಡಿದ. ಎಲ್ಲರೂ ಬನ್ನು ತಿನ್ನುತ್ತಿದ್ದರು. ಅಲ್ಲಿ ದೂರದಲ್ಲಿ, ಚಿತ್ರದ ಅಂಚಿನಲ್ಲಿ, ಮಾಟೌಶ್ ಒಬ್ಬನೇ ಕೈ ಕಂಕುಳಿಗೆ ಸೇರಿಸಿಕೊಂಡು ನಿಂತಿದ್ದ. ಇಪ್ಪತ್ತೆರಡು ಗಜ ಓಡಿ ಬಂದವನನ್ನು ಕೊನೆಗೆ ಅವನೇ ಬೀಳಿಸಿದ. "ನೋಡಿ ನೋಡಿ," ಎಂದ ಎಮಿಲ್, "ವಾವ್ರಾನ ಹುಡುಗ ಅಲ್ಲಿಲ್ದಿದ್ರೆ ಅವನು ಕಾನ್ಸಸ್‌ವರೆಗೂ ಓಡ್ತಿದ್ದ!" ಚಪ್ಪಾಳೆ ಬಿತ್ತು. ಪ್ರಿಬಿಲ್ ದೀಪ ಹಾಕಿಸಿ, ವಾವ್ರಾ ಕಡೆ ಹುಬ್ಬು ಹಾರಿಸಿದ.

ಮೆಟ್ಟಿಲುಗಳ ಚಾರ್ಟನ್ನು ಬಿಚ್ಚುತ್ತಿದ್ದಂತೆ ಇನ್ನೊಂದು ಚಪ್ಪಾಳೆ. ಬಾತುಕೋಳಿಗೆ ಬೇರೆಯದೇ ಒಂದು ಚಪ್ಪಾಳೆ. ಚಪ್ಪಾಳೆ ಎಷ್ಟು ಬೆಚ್ಚಗಿರುತ್ತದೆ ಎಂಬುದನ್ನು ವಾವ್ರಾ ಮರೆತಿದ್ದ. ಅದರಲ್ಲಿ ಒಂದರ್ಧ ನಿಮಿಷ ಸುಮ್ಮನೆ ನಿಂತ. ಹೇಳದಿದ್ದರೆ ಏನಾಯಿತು? ಅಂಕಿಗಳು ಸುಳ್ಳಲ್ಲ. ಮೂವತ್ತೊಂದು ವರ್ಷ ಯಾರಿಗಾದರೂ ಸಾಕು. ಮುಂದಿನ ವರ್ಷ ಆರ್ವಿಲ್ ಕುರ್ಚಿಯ ಕಾಲುಗಳನ್ನು ನೆಮ್ಮದಿಯಾಗಿ ಉಜ್ಜಬಹುದು. ಹೀಗೆಲ್ಲ ಅಂದುಕೊಳ್ಳುತ್ತಿದ್ದಾಗಲೇ ಅವನ ಬಾಯಿ ತಾನಾಗಿ ಶುರುಮಾಡಿತು.

"ಈ ಮೆಟ್ಲು... ಇದು ಪೂರ್ತಿ ಸರಿಯಲ್ಲ. ಅವ್ರು ಮೊದ್ಲು ಪಂದ್ಯಕ್ಕೆ ಮೂವತ್ತೆಂಟು ಸಲ ಎಸೀತಿದ್ರು. ಈಗ ಒಂಬತ್ತೇ ಸಲ. ಒಂದೊಂದ್ ಎಸೆತಕ್ಕೆ ಆಗಲೂ ಎಂಟೂಕಾಲು ಗಜ, ಈಗಲೂ ಎಂಟೂಕಾಲು ಗಜ. ನಾವೇನೂ ಸುಧಾರಿಸಿಲ್ಲ. ಅವ್ರಿಗೆ ಎಸೆಯೋ ಅಗತ್ಯವಿಲ್ಲ, ಅಷ್ಟೆ."

ಎಮಿಲ್ ಮೇಜು ಬಡಿದ. "ಅಯ್ಯೋ ಪೆದ್ದೇ, ಎಸೆಯಲ್ಲ ಅಂದ್ರೆ ಹೆದ್ರಿದಾರೆ ಅಂತ ತಾನೆ!"

"ಹೆದ್ರಿಲ್ಲ ಎಮಿಲ್. ಮುಂದಿನ ಸಾಲಿಂದ ಒಬ್ಬನನ್ನ ತೆಗೆದು ಹಿಂದಕ್ಕೆ ಹಾಕಿದ್ವಿ ನಾವು. ಅದಕ್ಕೇ ಅವ್ರು ನುಗ್ತಾರೆ."

"ಹಾಕಿದ್ದು ಸರಿಯಾಯ್ತು ಬಿಡು! ಮೊದ್ಲೇ ಹಾಕ್ಬೇಕಿತ್ತು!" ಎಂದು ಹಿಂದಿನಿಂದ ಯಾರೋ ಕೂಗಿದರು. "ಎಷ್ಟು ವಿನಯ ನೋಡ್ರಯ್ಯ!" ಎಂದರು ಇನ್ನೊಬ್ಬರು. ಮೂರನೆಯ ಚಪ್ಪಾಳೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ಕೆಲವರು ಎದ್ದೂ ನಿಂತರು. ನಾನು ಎನ್ನಬೇಕಾದ ಕಡೆ ನಾವು ಎಂದುಬಿಟ್ಟೆ ಎಂದು ವಾವ್ರಾನಿಗೆ ಕೂರುವ ಹೊತ್ತಿಗೆ ಅರಿವಾಯಿತು. ನಿಜ ಹೇಳಿ ಇಷ್ಟು ಹೊಗಳಿಸಿಕೊಂಡದ್ದು ಅವನ ಜನ್ಮದಲ್ಲೇ ಮೊದಲು. ಪ್ರಿಬಿಲ್ ಬಗ್ಗಿ ಅವನ ಕಿವಿಯಲ್ಲಿ, "ವಿನಯ ಚೆನ್ನಾಗಿತ್ತು. ಈಗ ಕೆಲ್ಸ ಇನ್ನೂ ಸುಲಭ," ಎಂದ. ಆರ್ವಿಲ್ ಗಂಭೀರವಾಗಿ ಬಾತುಕೋಳಿಯನ್ನು ನೋಡುತ್ತಿದ್ದ.

ಯಾರ ಸಾಲು ಹೆಚ್ಚು ಗಜ ಬಿಟ್ಟುಕೊಟ್ಟಿತೋ ಆ ಕೋಚು ಕಾಫಿ ಬಟ್ಟಲು ತೊಳೆಯಬೇಕು, ಅದು ಸೋಮವಾರದ ಕಾಯಿದೆ. ಸೆಪ್ಟೆಂಬರಿನ ಮೂರು ಸೋಮವಾರ ವಾವ್ರಾ ತೊಳೆದಿದ್ದ, ಆಗ ಆರ್ವಿಲ್ ಕರೆಯದೆಯೇ ಬಂದು ಪಕ್ಕದಲ್ಲಿ ನಿಂತು ಒರೆಸಿಕೊಟ್ಟಿದ್ದ. ಆಮೇಲೆ ಆರ್ವಿಲ್‌ನ ಸರದಿ ಬಂದಾಗ ವಾವ್ರಾನಿಗೆ ಪ್ರತಿ ಸೋಮವಾರವೂ ಏನಾದರೊಂದು ಕೆಲಸ ಇದ್ದೇ ಇತ್ತು. ಈ ಸೋಮವಾರ ಅವನು ಒರೆಸುವ ಬಟ್ಟೆ ಹುಡುಕಿಕೊಂಡು ಅಡುಗೆಮನೆಗೆ ಹೋದ. ಆರ್ವಿಲ್ ಮೊಣಕೈವರೆಗೆ ನೊರೆಯಲ್ಲಿದ್ದ.

"ಎಂಟೂಕಾಲು ಅಂದ್ಯಲ್ಲ," ಎಂದ ತಿರುಗದೆಯೇ. "ನಾನು ಎಂಟೂವರೆ ಅಂದ್ಕೊಂಡಿದ್ದೆ. ಪರ್ವಾಗಿಲ್ಲ."

"ನಿಮ್ಗೆ ಗೊತ್ತಿತ್ತಾ?"

"ಜೀವಮಾನವೆಲ್ಲ ಮರ ಅಳ್ದೋನು ಕಣೋ ನಾನು."

"ಮತ್ಯಾಕೆ ಇಷ್ಟು ದಿನ ಸುಮ್ನಿದ್ರಿ?"

"ಸೆಪ್ಟೆಂಬರ್‌ನಲ್ಲಿ ನಿನ್ ಮುಖ ನೀನ್ ನೋಡಿರ್ಲಿಲ್ಲ. ನಾನ್ ನೋಡಿದ್ದೆ." ಒಂದು ಬಟ್ಟಲು ಕೊಟ್ಟ. "ಪ್ರಿಬಿಲ್ ನನ್ನ ಮನೇಲಿ ಕೂರಿಸ್ತಾನೆ ಅಂತಾನೂ ಗೊತ್ತು. ನನ್ನ ಮೊಮ್ಮಗ ಮುಂದಿನ ವರ್ಷ ಹೈಸ್ಕೂಲಿಗೆ ಬರ್ತಾನೆ. ಅವನಿಗೊಂದು ವರ್ಷ ಹೇಳ್ಕೊಟ್ಟು ಬಿಡೋಣ ಅಂತಿತ್ತು. ಇರ್ಲಿ."

ಈಗ ಕೇಳುತ್ತಾನೆ ಎಂದು ವಾವ್ರಾ ಕಾದ. ಹುಡುಗನನ್ನು ವಾಪಸು ಕೊಡು ಎಂದು ಒಂದು ಮಾತು ಕೇಳಿದರೆ ಸಾಕು, ತಗೊಳ್ಳಿ ಎಂದು ದೊಡ್ಡ ಮನಸ್ಸಿನಿಂದ ಹೇಳಿಬಿಡಬಹುದು. ಆ ವಾಕ್ಯ ನಾಲಿಗೆಯ ತುದಿಯಲ್ಲಿ ಇಸ್ತ್ರಿ ಹಾಕಿಸಿಕೊಂಡು ನಿಂತಿತ್ತು. ಆರ್ವಿಲ್ ಕೇಳಲಿಲ್ಲ. ತನ್ನ ಟ್ರಕ್ಕಿನ ಹಿಂದಿನ ಚಕ್ರ ಗಾಳಿ ಬಿಡುವ ವಿಷಯ ಹೇಳಿದ. ಆ ಬಟ್ಟಲು ಇನ್ನೂ ಒದ್ದೆ ಇದೆ ನೋಡು ಎಂದ. ಕೊನೆಗೆ ವಾವ್ರಾನೇ, "ಮಾಟೌಶ್ ಬೇಕಾ ನಿಮ್ಗೆ?" ಎಂದ.

"ನಿಂಗ್ ಬೇಡ್ವಾ?"

"ಶುಕ್ರವಾರ ವಿಲ್ಬಿಯವ್ರು ಬರ್ತಾರೆ. ಅವ್ರು ಎಸೆಯೋರು."

"ಹೌದು. ಅವ್ರ ಕಡೆ ಎಸೆಯೋ ಹುಡ್ಗನ ಕೈ ಉದ್ದ ಇದೆ."

ಮಾಟೌಶ್ ಮುಂದೆ ಹೋದರೆ ವಿಲ್ಬಿಯವರು ನಲವತ್ತು ಸಲ ಎಸೆಯುತ್ತಾರೆ. ನಲವತ್ತು ಗುಣಿಸು ಎಂಟೂಕಾಲು. ಮುನ್ನೂರ ಮೂವತ್ತು ಗಜ, ಇಡೀ ಊರಿನ ಕಣ್ಣೆದುರಿಗೆ. ಆಗ ಪ್ರಿಬಿಲ್ ಮನೆಗೆ ಕಳಿಸುವುದು ಆರ್ವಿಲ್‌ನನ್ನಲ್ಲ. "ಈ ಶುಕ್ರವಾರ ಒಂದು ಆಗ್ಲಿ, ಆರ್ವಿಲ್," ಎಂದು ವಾವ್ರಾ ಹೇಳುವುದು ಅವನಿಗೇ ಕೇಳಿಸಿತು, "ಆಮೇಲೆ ಖಂಡಿತ ಕೊಡ್ತೀನಿ."

ಹೇಳಿಯಾದ ಮೇಲೆ ನೆನಪಾಯಿತು, ಇದು ವರ್ಷದ ಕೊನೆಯ ಪಂದ್ಯ. ಆಮೇಲೆ ಶುಕ್ರವಾರವೇ ಇಲ್ಲ. ಕಾಲೊರಸು ನೋಡಿ ನಕ್ಕಿದ್ದ ಆರ್ವಿಲ್, ಎಲ್ಲಕ್ಕೂ ನಗುವ ಆರ್ವಿಲ್, ಇದಕ್ಕೆ ನಗಲಿಲ್ಲ. ಆಯ್ತು ಎಂದು ತಲೆಯಾಡಿಸಿ, ನೀರು ಚೆಲ್ಲಿ, ಕೈ ಒರೆಸಿಕೊಂಡು ಹೋದ. ವಾವ್ರಾನಿಗೆ ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಮೂರೂವರೆಗೆ ಅಭ್ಯಾಸ. ಉತ್ತರದ ಗಾಳಿ ಬೀಸುತ್ತಿತ್ತು, ಹುಡುಗರು ಮೂಗು ಒರೆಸಿಕೊಳ್ಳುತ್ತಾ ಸಾಲುಗಟ್ಟಿದರು. ಮಾಟೌಶ್ ಅಭ್ಯಾಸಬಲದಿಂದ ಹಿಂದಕ್ಕೆ ಓಡಿ ಬಂದು ತನ್ನ ಜಾಗದಲ್ಲಿ ನಿಂತು ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡ. ಆ ಜಾಗದ ಹುಲ್ಲು ಕೂಡ ಸವೆದಿರಲಿಲ್ಲ. ವಾವ್ರಾ ಆ ಹುಲ್ಲನ್ನು ನೋಡಿದ. ಎಂಟು ಮೆಟ್ಟಿಲಿಗಿಂತ ಸತ್ಯವಾದ ಲೆಕ್ಕ ಅಲ್ಲಿತ್ತು. ಅವನಿಗೆ ತನ್ನ ಮೇಲೆ ಎಷ್ಟು ಬೇಸರವಾಯಿತೆಂದರೆ ಯೋಚಿಸಲು ಕೂಡ ಬೇಸರವಾಗಿ, ಯೋಚಿಸದೆಯೇ ಹುಡುಗನ ಬಳಿ ನಡೆದ.

"ಟ್ರೆಂಟ್, ಮುಂದಕ್ಕೆ ಹೋಗು. ನಿನ್ ಹಳೇ ಜಾಗಕ್ಕೆ."

"ಏನ್ ತಪ್ ಮಾಡ್ದೆ, ಕೋಚ್?"

"ನೀನಲ್ಲ. ನಾನ್ ಮಾಡಿದ್ದು. ಹೋಗು."

ಹುಡುಗ ಒಂದು ಕ್ಷಣ ಅವನ ಮುಖ ನೋಡಿ, ಆಮೇಲೆ ಎರಡೂ ಕಡೆ ನೋಡಿ, ಓಡಿದ. ಆರ್ವಿಲ್ ತನ್ನ ಸಾಲಿನ ಮಧ್ಯೆ ಬಂದು ನಿಂತ ಏಳನೆಯವನನ್ನು ಕಂಡ. ಭುಜ ಹಿಡಿದು ಅರ್ಧ ಹೆಜ್ಜೆ ಎಡಕ್ಕೆ ಸರಿಸಿದ, ಅಷ್ಟೆ. ಎದುರಾಳಿಗಳ ಪಾತ್ರದಲ್ಲಿದ್ದ ಹುಡುಗರಲ್ಲಿ ಮೊದಲ ಸಲ ನುಗ್ಗಿದವನು ಅಲ್ಲಿಯೇ, ಆ ಮುಚ್ಚಿದ ತೂತಿನಲ್ಲಿಯೇ, ಧಡ್ ಎಂದು ಬಿದ್ದ. ಐದು ವಾರಗಳಲ್ಲಿ ಆ ಮೈದಾನದಲ್ಲಿ ಕೇಳದಿದ್ದ ಸದ್ದು ಅದು. ಎರಡನೆಯ ಸಲ ಅವರು ಎಸೆದರು. ಎಸೆದವನು ಮೀಸಲು ಪಡೆಯ ಸಣ್ಣ ಕೈಯ ಹುಡುಗ, ಗಾಳಿ ಎದುರಿಗಿತ್ತು, ಚೆಂಡು ಕುಂಟುತ್ತಾ ಹಾರಿತು. ಆದರೂ ವಾವ್ರಾನ ಇಬ್ಬರು ಹುಡುಗರು ಎರಡು ಬೇರೆ ಬೇರೆ ದಿಕ್ಕಿಗೆ ಓಡಿದರು. ಮಾಟೌಶ್ ಇರಬೇಕಾಗಿದ್ದ ಕಡೆ, ಸವೆಯದ ಹುಲ್ಲಿನ ಮೇಲೆ, ಅವರ ಕಡೆಯವನೊಬ್ಬ ನಿಂತಲ್ಲೇ ಚೆಂಡು ಹಿಡಿದು, ಹಿಡಿದೆನಲ್ಲ ಎಂದು ತಾನೇ ಆಶ್ಚರ್ಯಪಟ್ಟು, ಗೆರೆಯವರೆಗೆ ನಡೆದುಕೊಂಡೇ ಹೋದ.

ಮೈದಾನದ ಆಚೆ ತುದಿಯಿಂದ ಪ್ರಿಬಿಲ್ ಕೂಗಿದ. "ವಾವ್ರಾ! ಅಲ್ಲಿ ಯಾರಿದಾರೆ?"

ಗಾಳಿ ಎನ್ನಬಹುದಿತ್ತು. ಹುಡುಗರಿಗೆ ಶೀತ ಎನ್ನಬಹುದಿತ್ತು. ಈಗ ನೋಡ್ತೀನಿ ಕೋಚ್ ಎಂದರೂ ನಡೆಯುತ್ತಿತ್ತು. ವಾವ್ರಾ ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದ.

"ಯಾರೂ ಇಲ್ಲ!" ಎಂದು ಕೂಗಿದ. "ಇದ್ದವನು ಆರ್ವಿಲ್ ಹುಡುಗ! ನಾನ್ ಕೇಳಿ ತಗೊಂಡಿದ್ದೆ, ವಾಪಸ್ ಕೊಟ್ಟೆ! ಶುಕ್ರವಾರವೂ ಇಲ್ಲಿ ಯಾರೂ ಇರಲ್ಲ!"

ಪ್ರಿಬಿಲ್ ಬಾಯಿಯಲ್ಲಿದ್ದ ಸೀಟಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಮುಂದಿನ ಸಾಲಿನಲ್ಲಿ ಬಗ್ಗಿ ನಿಂತಿದ್ದ ಆರ್ವಿಲ್ ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿ ತಿರುಗಿದ.

"ಮೆಲ್ಲಗ್ ಹೇಳೋ ಮಾರಾಯ," ಎಂದ, "ವಿಲ್ಬಿವರೆಗೂ ಕೇಳ್ಸತ್ತೆ." ಹಾಗೆಂದು ನಕ್ಕ.